ಮನೆಗೆ ಕೀಲಿ ಹಾಕುವ ಮುನ್ನ: ಬೋರ್ ನೀರಿನ ಆರ್‌ಒ ಯಂತ್ರದ ಫಿಲ್ಟರ್ ಆಯ್ಕೆ, ನಿರ್ವಹಣೆ ಮತ್ತು ಶೇಖರಣೆ

ಬೇಸಿಗೆ ರಜೆ ಹತ್ತಿರವಾದಂತೆ ಎರಡು ಪ್ರಶ್ನೆಗಳು ನನಗೆ ಪದೇ ಪದೇ ಬರುತ್ತವೆ. ಮಗನ ಮನೆಗೆಂದು ಪುಣೆಗೋ ಬೆಂಗಳೂರಿಗೋ ಎರಡು ಮೂರು ತಿಂಗಳು ಹೊರಡುವ ಹಿರಿಯರು, ಮನೆಗೆ ಕೀಲಿ ಹಾಕುವಾಗ ನೀರಿನ ಯಂತ್ರವನ್ನು ಏನು ಮಾಡಬೇಕೆಂದು ಕೇಳುತ್ತಾರೆ. ಉಳಿದವರು, ರಿಪೇರಿಗೆ ಬಂದವರು ಪ್ರತಿ ಸಲ ಬೇರೆ ಬೇರೆ ಫಿಲ್ಟರಿನ ಹೆಸರು ಹೇಳುತ್ತಾರೆ, ಯಾವುದನ್ನು ಹಾಕಿಸಬೇಕೆಂದು ಕೇಳುತ್ತಾರೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಗಡಸು ಹಾಗೂ ಸವಳು ಬೋರ್ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಎರಡೂ ಪ್ರಶ್ನೆಗಳಿಗೆ ಇಲ್ಲಿ ಹಂತ ಹಂತವಾಗಿ ಉತ್ತರಿಸಿದ್ದೇನೆ. ಫಿಲ್ಟರನ್ನು ನಿಮ್ಮ ನೀರು ನೋಡಿ ಆರಿಸಬೇಕೇ ಹೊರತು ಮಾರುವವರ ಮಾತು ಕೇಳಿ ಅಲ್ಲ; ಯಂತ್ರದ ಆರೋಗ್ಯವನ್ನು ಅಳೆದು ತಿಳಿಯಬೇಕೇ ಹೊರತು ಕ್ಯಾಲೆಂಡರ್ ನೋಡಿ ಅಲ್ಲ. ಮುಂದಿನ ಎಲ್ಲ ಹಂತಗಳೂ ಈ ಮಾತಿನ ಮೇಲೆಯೇ ನಿಂತಿವೆ.

ಮೊದಲು ಯಂತ್ರದ ಒಳಗನ್ನು ತಿಳಿಯೋಣ. ಆರ್‌ಒ ಎಂದರೆ ರಿವರ್ಸ್ ಆಸ್ಮೋಸಿಸ್, ಅಂದರೆ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮ ಪೊರೆಯ ಮೂಲಕ ತಳ್ಳಿ ಅದರಲ್ಲಿ ಕರಗಿದ ಲವಣಗಳನ್ನು ಹಿಂದೆ ಉಳಿಸುವ ವಿಧಾನ. ಆ ಪೊರೆಯ ಸುರುಳಿಗೆ ಮೆಂಬ್ರೇನ್ ಎನ್ನುತ್ತಾರೆ. ಅದರ ಮುಂದೆ, ಮಣ್ಣು ಮತ್ತು ತುಕ್ಕಿನ ಕಣಗಳನ್ನು ತಡೆಯುವ ಸೆಡಿಮೆಂಟ್ ಫಿಲ್ಟರ್ ಹಾಗೂ ಕ್ಲೋರಿನ್ ಮತ್ತು ವಾಸನೆಯನ್ನು ಹೀರಿಕೊಳ್ಳುವ ಕಾರ್ಬನ್ ಫಿಲ್ಟರ್ ಇರುತ್ತವೆ. ಯಂತ್ರದ ಹೊರಗೆ ಗೋಡೆಗೆ ಜೋಡಿಸಿದ ಪಾರದರ್ಶಕ ಬೌಲ್ ಒಳಗಿನ ಬಿಳಿ ನೂಲಿನ ಕ್ಯಾಂಡಲ್ ಕೂಡ ಸೆಡಿಮೆಂಟ್ ಫಿಲ್ಟರೇ. ಪಂಪ್ ಒತ್ತಡ ಕೊಡುತ್ತದೆ. ಎಫ್‌ಆರ್ ಎಂದು ಕರೆಯುವ ಸಣ್ಣ ಕೊಳವೆ ಹೊರಹೋಗುವ ಉಪ್ಪು ನೀರನ್ನು ಕಿರಿದು ಮಾಡಿ ಆ ಒತ್ತಡವನ್ನು ಒಳಗೇ ಹಿಡಿದಿಡುತ್ತದೆ. ಹಡಗು ಮತ್ತು ದೋಣಿಗಳಲ್ಲಿ ಸಮುದ್ರದ ನೀರನ್ನು ಕುಡಿಯಲು ಯೋಗ್ಯವಾಗಿಸುವ ಯಂತ್ರದಲ್ಲೂ ಇದೇ ಬಗೆಯ ಮೆಂಬ್ರೇನ್ ಇದೆ. ಲೀಟರಿಗೆ ಸುಮಾರು 35,000 ಮಿಲಿಗ್ರಾಂ ಲವಣವಿರುವ ನೀರನ್ನು ತಳ್ಳಬೇಕಾದ್ದರಿಂದ ಅಲ್ಲಿ ಒತ್ತಡ ನಮ್ಮ ಅಡುಗೆಮನೆಯ ಯಂತ್ರಕ್ಕಿಂತ ಹತ್ತು ಪಟ್ಟಿಗೂ ಮೀರಿರುತ್ತದೆ. ತಿಂಗಳುಗಟ್ಟಲೆ ದಡದಲ್ಲಿ ನಿಲ್ಲುವ ದೋಣಿಗಳಲ್ಲಿ ಮೆಂಬ್ರೇನನ್ನು ಕೆಡದಂತೆ ಇಡಲು ಅನುಸರಿಸುವ ಕ್ರಮವನ್ನೇ ಸ್ವಲ್ಪ ಸರಳಗೊಳಿಸಿ ನಾವು ಕೀಲಿ ಹಾಕಿದ ಮನೆಗೂ ಬಳಸಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್, ಅಳತೆಯ ಗುರುತುಳ್ಳ ಒಂದು ಲೀಟರಿನ ಜಾಡಿ, ಸೆಕೆಂಡು ತೋರಿಸುವ ಗಡಿಯಾರ, ಬೌಲ್ ಮತ್ತು ಮೆಂಬ್ರೇನ್ ಮುಚ್ಚಳ ಬಿಚ್ಚುವ ಪ್ಲಾಸ್ಟಿಕ್ ಪಾನಾ, ಟೆಫ್ಲಾನ್ ಟೇಪ್, ಒಂದು ಬಕೀಟು ಮತ್ತು ಒಂದು ನೋಟ್‌ಬುಕ್ ಸಾಕು. ನೋಟ್‌ಬುಕ್ ಬೇಡವೆಂದು ಬಿಡಬೇಡಿ. ಮೀಟರ್ ಇವತ್ತಿನ ಸಂಖ್ಯೆಯನ್ನು ಮಾತ್ರ ಹೇಳುತ್ತದೆ. ಆ ಸಂಖ್ಯೆ ಎತ್ತ ಸಾಗುತ್ತಿದೆ ಎಂಬುದು ಬರೆದಿಟ್ಟರೆ ಮಾತ್ರ ತಿಳಿಯುತ್ತದೆ.

ಹಂತ 1: ನಿಮ್ಮ ನೀರನ್ನು ಅರಿಯಿರಿ

ಟಿಡಿಎಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ತೂಕ, ಮಿಲಿಗ್ರಾಂಗಳಲ್ಲಿ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500:2012 ಪ್ರಕಾರ ಟಿಡಿಎಸ್ 500ರ ಒಳಗಿರುವುದು ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಅನುಮತಿಯಿದೆ. ಗಡಸುತನಕ್ಕೆ ಇದೇ ರೀತಿ 200 ಮತ್ತು 600, ಫ್ಲೋರೈಡಿಗೆ 1.0 ಮತ್ತು 1.5 ಮಿಲಿಗ್ರಾಂ ಮಿತಿಗಳಿವೆ. ನೈಟ್ರೇಟಿಗೆ 45 ಮಿಲಿಗ್ರಾಂ ಎಂಬ ಒಂದೇ ಮಿತಿ, ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಟಿಡಿಎಸ್ ಮೀಟರ್ ವಾಸ್ತವದಲ್ಲಿ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಸುತ್ತದೆ ಎಂಬುದನ್ನು. ಅದರಿಂದ ಲವಣದ ಅಂದಾಜು ಸಿಗುತ್ತದೆ, ಅಷ್ಟೇ. ಫ್ಲೋರೈಡ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ, ರೋಗಾಣು ಇವೆಯೇ ಎಂಬುದನ್ನು ಅದು ಹೇಳಲಾರದು. ನಮ್ಮ ಎರಡೂ ಜಿಲ್ಲೆಗಳ ಕೆಲವು ಊರುಗಳಲ್ಲಿ ಬೋರ್ ನೀರಿನ ಫ್ಲೋರೈಡ್ ಮಿತಿ ಮೀರಿದೆ, ಮತ್ತು ಫ್ಲೋರೈಡಿಗೆ ಬಣ್ಣವಾಗಲಿ ರುಚಿಯಾಗಲಿ ವಾಸನೆಯಾಗಲಿ ಇಲ್ಲ. ಹೀಗಾಗಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಒಂದು ಸಲವಾದರೂ ಪೂರ್ಣ ಪರೀಕ್ಷೆ ಮಾಡಿಸಿ, ವರದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿಡಿ. ಮಳೆಗಾಲ ಮುಗಿದಾಗಿನ ಮತ್ತು ಏಪ್ರಿಲ್ ತಿಂಗಳಿನ ನೀರು ಒಂದೇ ಬೋರಿನಲ್ಲಿದ್ದರೂ ಬೇರೆಯಾಗಿರಬಹುದು. ಸಾಧ್ಯವಾದರೆ ಎರಡೂ ಕಾಲದಲ್ಲಿ ಪರೀಕ್ಷಿಸುವುದು ಉತ್ತಮ.

ಬೆಳಗಾವಿ ನಗರದಲ್ಲಿ ರಕ್ಕಸಕೊಪ್ಪ ಅಥವಾ ಹಿಡಕಲ್ ಜಲಾಶಯದ ನಳದ ನೀರು ಬಳಸುವವರು ಇಲ್ಲೇ ನಿಂತು ಯೋಚಿಸಬೇಕು. ಮಳೆಯಿಂದ ತುಂಬುವ ಜಲಾಶಯದ ನೀರಿನಲ್ಲಿ ಲವಣ ಸಾಮಾನ್ಯವಾಗಿ ಕಡಿಮೆ. ಮೀಟರ್ 200ರ ಆಸುಪಾಸು ತೋರಿಸಿದರೆ ನಿಮಗೆ ಆರ್‌ಒ ಬೇಕಾಗಿಯೇ ಇಲ್ಲ. ಒಳ್ಳೆಯ ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಮತ್ತು ರೋಗಾಣು ಕೊಲ್ಲುವ ಯುವಿ ದೀಪ ಸಾಕು. ಇರುವ ಒಳ್ಳೆಯ ನೀರಿನಲ್ಲಿ ಮುಕ್ಕಾಲು ಪಾಲನ್ನು ಚರಂಡಿಗೆ ಬಿಡುವುದು ಬರದ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಸಹಿಸಲಾಗದ ಸಂಗತಿ.

ಹಂತ 2: ಯಂತ್ರದ ಈಗಿನ ಸ್ಥಿತಿಯನ್ನು ಅಳೆಯಿರಿ

ಯಂತ್ರವನ್ನು ಹತ್ತು ನಿಮಿಷ ಓಡಿಸಿದ ಮೇಲೆ ಅಳೆಯಿರಿ. ರಾತ್ರಿಯಿಡೀ ನಿಂತ ಯಂತ್ರದಲ್ಲಿ ಲವಣವು ಪೊರೆಯ ಆಚೆ ಕಡೆಗೆ ನಿಧಾನವಾಗಿ ನುಸುಳಿರುತ್ತದೆ. ಹೀಗಾಗಿ ಬೆಳಗಿನ ಮೊದಲ ಲೋಟದ ಟಿಡಿಎಸ್ ಯಾವಾಗಲೂ ಹೆಚ್ಚೇ ಇರುತ್ತದೆ. ಅದನ್ನು ನೋಡಿ ಮೆಂಬ್ರೇನ್ ಹೋಯಿತೆಂದು ಗಾಬರಿಪಟ್ಟು ಹೊಸದನ್ನು ಕೊಂಡವರು ಎಷ್ಟೋ ಜನ ಇದ್ದಾರೆ. ಎರಡನೆಯ ಎಚ್ಚರಿಕೆ, ನಳದ ಬಾಯಲ್ಲಿ ಅಳೆಯದೆ ಮೆಂಬ್ರೇನಿನಿಂದ ನೇರವಾಗಿ ಹೊರಡುವ ತೆಳು ಕೊಳವೆಯಲ್ಲಿ ಅಳೆಯಿರಿ. ಬಹಳಷ್ಟು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇದ್ದು, ರುಚಿಗೆಂದು ಸ್ವಲ್ಪ ಹಸಿ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ ಊರಿನಲ್ಲಿ ಈ ತಿರುಪನ್ನು ಪೂರ್ತಿ ಮುಚ್ಚಿಸಿ. ಮೆಂಬ್ರೇನ್ ತೆಗೆದುಹಾಕಿದ ವಿಷವನ್ನು ಈ ತಿರುಪು ಹಿಂಬಾಗಿಲಿನಿಂದ ಮತ್ತೆ ಲೋಟಕ್ಕೆ ತರುತ್ತದೆ.

ಲೆಕ್ಕ ಸುಲಭ. ಒಳಹೋಗುವ ನೀರಿನ ಟಿಡಿಎಸ್‌ನಲ್ಲಿ ಹೊರಬರುವ ನೀರಿನದನ್ನು ಕಳೆದು, ಬಂದದ್ದನ್ನು ಒಳಹೋಗುವ ನೀರಿನ ಟಿಡಿಎಸ್‌ನಿಂದ ಭಾಗಿಸಿ 100ರಿಂದ ಗುಣಿಸಿ. ಒಳಗೆ 1450, ಹೊರಗೆ 87 ಇದ್ದರೆ ಮೆಂಬ್ರೇನ್ ಶೇಕಡಾ 94ರಷ್ಟು ಲವಣವನ್ನು ತಡೆಯುತ್ತಿದೆ ಎಂದರ್ಥ. ಅದೇ ನೀರು ಹೊರಗೆ 290 ತೋರಿಸಿದರೆ ತಡೆ ಶೇಕಡಾ 80ಕ್ಕೆ ಇಳಿದಿದೆ. ನನ್ನ ಮನೆಯಲ್ಲಾದರೆ ಇಷ್ಟರವರೆಗೆ ಕಾಯದೆ, 85ಕ್ಕಿಂತ ಕೆಳಗಿಳಿದಾಗಲೇ ಬದಲಿಸುತ್ತೇನೆ.

ನಂತರ ಹರಿವು ನೋಡಿ. ಮೆಂಬ್ರೇನ್ ಮೇಲೆ 75 ಜಿಪಿಡಿ ಎಂದು ಬರೆದಿದ್ದರೆ ಅದು ದಿನಕ್ಕೆ 75 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 284 ಲೀಟರ್. ನಿಮಿಷಕ್ಕೆ ಹೆಚ್ಚುಕಡಿಮೆ 200 ಮಿಲಿಲೀಟರ್. ಆದರೆ ಇದು 25 ಡಿಗ್ರಿ ಉಷ್ಣತೆಯಲ್ಲಿ, ಕಡಿಮೆ ಲವಣದ ನೀರಿನಲ್ಲಿ ಅಳೆದ ಸಂಖ್ಯೆ. ನಮ್ಮ ಬೋರ್ ನೀರಿನಲ್ಲಿ ಹೊಸ ಮೆಂಬ್ರೇನೂ ಅಷ್ಟು ಕೊಡುವುದಿಲ್ಲ. ಹಾಗಾಗಿ ಲೇಬಲ್ಲಿನ ಸಂಖ್ಯೆಗೆ ಹೋಲಿಸಬೇಡಿ. ಮೆಂಬ್ರೇನ್ ಹೊಸದಾಗಿದ್ದ ವಾರದಲ್ಲಿ ಜಾಡಿ ಹಿಡಿದು ಒಂದು ನಿಮಿಷದಲ್ಲಿ ಎಷ್ಟು ತುಂಬಿತೆಂದು ಬರೆದಿಟ್ಟು, ಮುಂದೆ ಅದಕ್ಕೇ ಹೋಲಿಸಿ. ನೀರು ಒಂದು ಡಿಗ್ರಿ ತಣ್ಣಗಾದರೆ ಹರಿವು ಸುಮಾರು ಶೇಕಡಾ 3ರಷ್ಟು ಇಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ, ಸಿದ್ಧೇಶ್ವರ ಜಾತ್ರೆಯ ಚಳಿಯಲ್ಲಿ ಯಂತ್ರ ನಿಧಾನವಾಯಿತೆಂದು ದೂರುವವರ ಯಂತ್ರದಲ್ಲಿ ಬಹುಮಟ್ಟಿಗೆ ಯಾವ ದೋಷವೂ ಇರುವುದಿಲ್ಲ.

ಹಂತ 3: ಫಿಲ್ಟರ್‌ಗಳ ಆಯ್ಕೆ

ಮೆಂಬ್ರೇನನ್ನು ಕೊಲ್ಲುವ ಕಾರಣಗಳು ಮುಖ್ಯವಾಗಿ ಮೂರು: ಕ್ಲೋರಿನ್, ಸುಣ್ಣದ ಪದರ, ಮತ್ತು ನಿಂತ ನೀರಿನಲ್ಲಿ ಬೆಳೆಯುವ ಲೋಳೆ. ಮುಂದಿನ ಫಿಲ್ಟರ್‌ಗಳಿರುವುದು ಮೊದಲೆರಡನ್ನು ತಡೆಯಲು ಮತ್ತು ಕಣಗಳನ್ನು ಹಿಡಿಯಲು. ಮೂರನೆಯದನ್ನು ತಡೆಯುವ ಕೆಲಸ ನಿಮ್ಮದು. ಅದನ್ನು ಆರನೆಯ ಹಂತದಲ್ಲಿ ಹೇಳಿದ್ದೇನೆ.

ಸೆಡಿಮೆಂಟ್ ಕ್ಯಾಂಡಲ್ ಕೊಳ್ಳುವಾಗ ಅದರ ಮೇಲಿನ ಮೈಕ್ರಾನ್ ಸಂಖ್ಯೆ ನೋಡಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ಚಿಕ್ಕದು. ಚಿಕ್ಕ ರಂಧ್ರವೇ ಮೇಲೆಂದು ತಿಳಿದು 1 ಮೈಕ್ರಾನಿನ ಕ್ಯಾಂಡಲನ್ನು ಎಲ್ಲಕ್ಕಿಂತ ಮುಂದೆ ಹಾಕುವುದು ದೊಡ್ಡ ತಪ್ಪು. ಮಾಳಿಗೆಯ ಟ್ಯಾಂಕು ಯಂತ್ರಕ್ಕಿಂತ ಮೂರು ನಾಲ್ಕು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ 0.3ರಿಂದ 0.4 ಕಿಲೋ ಮಾತ್ರ. ಅಷ್ಟು ಕಡಿಮೆ ಒತ್ತಡದಲ್ಲಿ ಸಣ್ಣ ರಂಧ್ರದ ಕ್ಯಾಂಡಲ್ ಕೆಲವೇ ದಿನಗಳಲ್ಲಿ ಕಟ್ಟಿಕೊಂಡು, ಪಂಪಿಗೆ ನೀರು ಸಾಲದೆ ಅದು ಗಾಳಿ ಹೀರುತ್ತಾ ಗದ್ದಲ ಮಾಡಿ ಬೇಗ ಸವೆಯುತ್ತದೆ. ಹೊರಗಿನ ಬೌಲಿನಲ್ಲಿ 5 ಅಥವಾ 10 ಮೈಕ್ರಾನ್, ಒಳಗೆ 5 ಮೈಕ್ರಾನ್ ಎಂಬ ಕ್ರಮ ಹೆಚ್ಚಿನ ಮನೆಗಳಿಗೆ ಸರಿಹೊಂದುತ್ತದೆ. ಹೊಸ ಬೋರಿನಿಂದ ಉಸುಕು ಬರುತ್ತಿದ್ದರೆ ಮುಂದೆ 20 ಮೈಕ್ರಾನಿನದೊಂದು ಸೇರಿಸಿ. ಕ್ಯಾಂಡಲನ್ನು ಕೈಯಲ್ಲಿ ಹಿಡಿದು ನೋಡಿ: ಒಳ್ಳೆಯದು ಒಳಗಿನ ತೂತಿನ ಕಡೆಗೆ ದಟ್ಟವಾಗಿ, ಹೊರಗಡೆ ಸ್ವಲ್ಪ ಸಡಿಲವಾಗಿ ಸುತ್ತಿರುತ್ತದೆ, ತೂಕವಿರುತ್ತದೆ. ಹಗುರಾಗಿ, ಬೆರಳಿನಿಂದ ಒತ್ತಿದರೆ ಹತ್ತಿಯಂತೆ ತಗ್ಗುವ ಕ್ಯಾಂಡಲಿನ ಮೇಲೆ ಬರೆದ ಮೈಕ್ರಾನ್ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಕ್ಯಾಂಡಲ್ ಕೆಂಪು ಕಂದಾಗುತ್ತಿದ್ದರೆ ನೀರಿನಲ್ಲಿ ಕಬ್ಬಿಣವಿದೆ. ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿರುವ ಕಬ್ಬಿಣವನ್ನು ಯಾವ ಕ್ಯಾಂಡಲೂ ಹಿಡಿಯದು. ಗಾಳಿ ತಾಗಿ ತುಕ್ಕಾದ ಮೇಲೆಯೇ ಅದು ಕಣವಾಗುತ್ತದೆ. ಆದ್ದರಿಂದ ಬೋರಿನಿಂದ ಯಂತ್ರಕ್ಕೆ ನೇರ ಪೈಪ್ ಎಳೆಯಬೇಡಿ. ನೀರು ಟ್ಯಾಂಕಿಗೆ ಎತ್ತರದಿಂದ ಧುಮುಕಿ, ಕೆಲವು ಗಂಟೆ ನಿಂತು, ತಳದಿಂದ ಸ್ವಲ್ಪ ಮೇಲಿನ ಪೈಪಿನಿಂದ ಯಂತ್ರಕ್ಕೆ ಬರುವಂತೆ ಮಾಡಿ.

ಕಾರ್ಬನ್ ಫಿಲ್ಟರಿನಲ್ಲಿ ಎರಡು ಬಗೆ. ಹರಳಿನಂತಹ ಇದ್ದಿಲನ್ನು ತುಂಬಿದ್ದು ಒಂದು, ಪುಡಿಯನ್ನು ಒತ್ತಿ ಗಟ್ಟಿ ಮಾಡಿದ ಬ್ಲಾಕ್ ಇನ್ನೊಂದು. ಬ್ಲಾಕ್ ಕ್ಲೋರಿನ್ನನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮುಂದೆ ಒಳ್ಳೆಯ ಸೆಡಿಮೆಂಟ್ ಫಿಲ್ಟರ್ ಬೇಕೇ ಬೇಕು. ಕ್ಲೋರಿನ್ ಹಾಕದ ಬೋರ್ ನೀರಿಗೆ ತೆಂಗಿನ ಚಿಪ್ಪಿನ ಇದ್ದಿಲಿನ ಹರಳಿನ ಫಿಲ್ಟರ್ ಸಾಕು. ಪಂಚಾಯತಿ ಅಥವಾ ನಗರಸಭೆಯ ನೀರು ಮತ್ತು ಬೋರ್ ನೀರು ಎರಡೂ ಒಂದೇ ಟ್ಯಾಂಕಿಗೆ ಬೀಳುವ ಮನೆಗಳಲ್ಲಿ ಬ್ಲಾಕ್ ಹಾಕಿಸಿ.

ಕ್ಲೋರಿನ್ ವಿಷಯದಲ್ಲಿ ನನಗೇ ಆದ ನಷ್ಟವೊಂದನ್ನು ಹೇಳಬೇಕು. ಒಂದು ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕನ್ನು ತೊಳೆದು, ಕೈ ತುಂಬ ಬ್ಲೀಚಿಂಗ್ ಪೌಡರ್ ಹಾಕಿ ನೀರು ತುಂಬಿಸಿದ್ದೆ. ಯಂತ್ರದ ನಳ ಮುಚ್ಚುವುದು ನೆನಪಾಗಲಿಲ್ಲ. ವರ್ಷ ಕಳೆದಿದ್ದ ಕಾರ್ಬನ್ ಫಿಲ್ಟರ್ ಆ ಹೊಡೆತ ತಾಳಲಿಲ್ಲ. ಕೆಲವೇ ವಾರಗಳಲ್ಲಿ ಹರಿವು ಹೆಚ್ಚಿತು, ಟಿಡಿಎಸ್ಸೂ ಹೆಚ್ಚಿತು. ಹರಿವು ಮತ್ತು ಟಿಡಿಎಸ್ ಎರಡೂ ಒಟ್ಟಿಗೆ ಏರಿದರೆ ಪೊರೆ ಕ್ಲೋರಿನ್ನಿಂದ ಹರಿದಿದೆ ಎಂಬುದೇ ಬಹುತೇಕ ಸರಿಯಾದ ಊಹೆ, ಅದಕ್ಕೆ ಔಷಧಿಯಿಲ್ಲ. ಪಾಲಿಅಮೈಡ್ ಎಂಬ ಪದಾರ್ಥದ ಈ ಪೊರೆ, ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿಗೆ ಕೆಲವು ನೂರು ಗಂಟೆ ಒಡ್ಡಿಕೊಂಡರೇ ಕೆಡಲು ಶುರುವಾಗುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಹಾಕುವ ದಿನ ಯಂತ್ರದ ನಳ ಮುಚ್ಚಿ, ಟ್ಯಾಂಕಿನ ನೀರು ಒಂದು ಸಲ ಪೂರ್ತಿ ಬದಲಾದ ಮೇಲೆಯೇ ತೆರೆಯಿರಿ. ಕ್ಲೋರಿನ್ ಪರೀಕ್ಷೆಯ ಹನಿಗಳು ಸಿಕ್ಕರೆ, ಕಾರ್ಬನ್ ಫಿಲ್ಟರ್ ದಾಟಿ ಬಂದ ನೀರಿಗೆ ಹಾಕಿ ನೋಡಿ. ಹಳದಿ ಬಣ್ಣ ಸ್ವಲ್ಪ ಕಂಡರೂ ಕಾರ್ಬನ್ ಮುಗಿದಿದೆ.

ಇನ್ನು ಸುಣ್ಣ. ಕೆಟ್ಟ ಮೆಂಬ್ರೇನೊಂದನ್ನು ಕೊಯ್ದು ಹಾಳೆಗಳನ್ನು ಬಿಡಿಸಿದಾಗ, ನೀರು ಹೊರಹೋಗುವ ತುದಿಯ ಜಾಲರಿಯ ಚೌಕಗಳಲ್ಲೆಲ್ಲ ಬಿಳಿ ಹರಳು ಕೂತಿದ್ದನ್ನು ನೋಡಿದ್ದೇನೆ. ಉಗುರಿನಿಂದ ಕೆರೆದರೆ ರವೆಯಂತೆ ಉದುರುತ್ತಿತ್ತು, ನಿಂಬೆರಸ ಹಿಂಡಿದರೆ ನೊರೆ ಏಳುತ್ತಿತ್ತು. ನೀರಿನ ಒಂದು ಭಾಗ ಪೊರೆ ದಾಟಿ ಹೋದಂತೆ ಉಳಿದ ನೀರಿನಲ್ಲಿ ಸುಣ್ಣ ಸಾಂದ್ರವಾಗುತ್ತಾ ಹೋಗಿ ಆ ತುದಿಯಲ್ಲಿ ಹರಳುಗಟ್ಟುತ್ತದೆ. ಗಡಸುತನ 200 ದಾಟಿದ ನೀರಿಗೆ, ಸುಣ್ಣ ಕಟ್ಟದಂತೆ ತಡೆಯುವ ಫಾಸ್ಫೇಟ್ ಗುಂಡುಗಳ ಆಂಟಿಸ್ಕೇಲೆಂಟ್ ಫಿಲ್ಟರನ್ನು ಸೇರಿಸಿ. ಗುಂಡುಗಳು ಕರಗಿ ಮುಗಿಯುವ ವಸ್ತು; ಪಾರದರ್ಶಕ ಡಬ್ಬಿಯದನ್ನೇ ಕೊಂಡರೆ ಎಷ್ಟು ಉಳಿದಿವೆಯೆಂದು ಕಣ್ಣಿಗೆ ಕಾಣುತ್ತದೆ. ಗಡಸುತನ 600ರ ಮೇಲಿದ್ದರೆ ಗುಂಡುಗಳನ್ನು ನೆಚ್ಚದೆ, ಉಪ್ಪಿನಿಂದ ಪುನಶ್ಚೇತನಗೊಳ್ಳುವ ಸಾಫ್ಟ್‌ನರ್ ಬಗ್ಗೆ ಯೋಚಿಸಿ. ಸಾಫ್ಟ್‌ನರ್ ಸುಣ್ಣದ ಜಾಗಕ್ಕೆ ಸೋಡಿಯಂ ತರುತ್ತದೆ; ಅದರಿಂದ ಟಿಡಿಎಸ್ ಇಳಿಯುವುದಿಲ್ಲ. ಆ ನೀರನ್ನು ಆರ್‌ಒ ದಾಟಿಸಿದ ಮೇಲೆಯೇ ಕುಡಿಯಿರಿ.

ಮೆಂಬ್ರೇನ್ ಕೊಳ್ಳುವಾಗ ಐಎಸ್ 16240 ಎಂಬ, ಮನೆಬಳಕೆಯ ಆರ್‌ಒ ಯಂತ್ರಗಳ ಭಾರತೀಯ ಮಾನದಂಡವನ್ನು ಪಾಲಿಸುವ ತಯಾರಕರ ಬಿಡಿಭಾಗವನ್ನೇ ಕೇಳಿ. ಮೊಹರು ಮಾಡಿದ ಚೀಲದಲ್ಲಿರುವುದನ್ನು ಮಾತ್ರ ತೆಗೆದುಕೊಳ್ಳಿ. ಹೆಚ್ಚು ಜಿಪಿಡಿ ಎಂದರೆ ಹೆಚ್ಚು ಶುದ್ಧ ಎಂದಲ್ಲ, ಹೆಚ್ಚು ವೇಗ ಎಂದಷ್ಟೇ. ಮೊದಲಿದ್ದ 75ರ ಜಾಗದಲ್ಲಿ 100 ಹಾಕಿಸಿದರೆ ಎಫ್‌ಆರ್ ಕೊಳವೆಯನ್ನೂ ಅದಕ್ಕೆ ಹೊಂದುವಂಥದ್ದಕ್ಕೆ ಬದಲಿಸಬೇಕು.

ಹಂತ 4: ಬದಲಿಸುವ ಕ್ರಮ

ವಿದ್ಯುತ್ ಪ್ಲಗ್ ತೆಗೆದು, ನೀರಿನ ನಳ ಮುಚ್ಚಿ, ಒತ್ತಡ ಇಳಿಯಲು ಎರಡು ನಿಮಿಷ ಬಿಟ್ಟು ಕೆಲಸ ಆರಂಭಿಸಿ. ಕೊಳವೆಗಳನ್ನು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹೊಸ ಕಾರ್ಬನ್ ಫಿಲ್ಟರನ್ನು ನೇರವಾಗಿ ಮೆಂಬ್ರೇನಿಗೆ ಜೋಡಿಸದೆ, ಅದರ ಹೊರಬಾಯಿಯನ್ನು ಬಕೀಟಿಗೆ ಬಿಟ್ಟು ಕಪ್ಪು ನೀರು ಹೋಗಿ ತಿಳಿನೀರು ಬರುವವರೆಗೆ ಹರಿಸಿ. ಈ ಒಂದು ಕೆಲಸವನ್ನು ಅವಸರದಲ್ಲಿ ಬಿಡುವುದರಿಂದ ಇದ್ದಿಲಿನ ಪುಡಿ ಹೋಗಿ ಪೊರೆಯ ಮೇಲೆ ಕೂರುತ್ತದೆ.

ಮೆಂಬ್ರೇನಿನ ಒಂದು ತುದಿಯಲ್ಲಿ ಸಣ್ಣ ರಬ್ಬರ್ ಉಂಗುರಗಳೆರಡು ಇರುತ್ತವೆ. ಆ ತುದಿ ಮೊದಲು ಒಳಗೆ ಹೋಗಬೇಕು. ದೊಡ್ಡ ರಬ್ಬರ್ ಪಟ್ಟಿಯಿರುವ ತುದಿ ಮುಚ್ಚಳದ ಕಡೆಗೆ ಉಳಿಯುತ್ತದೆ. ಸಣ್ಣ ಉಂಗುರ ಮಡಚಿಕೊಂಡರೆ ಉಪ್ಪು ನೀರು ಶುದ್ಧ ನೀರಿಗೆ ಸೇರಿ, ಹೊಸ ಮೆಂಬ್ರೇನಿನಲ್ಲೂ ಟಿಡಿಎಸ್ ಇಳಿಯುವುದಿಲ್ಲ. ಉಂಗುರಗಳಿಗೆ ನೀರನ್ನಷ್ಟೇ ಸವರಿ ಕೂರಿಸಿ, ಅಥವಾ ಆಹಾರ ದರ್ಜೆಯ ಸಿಲಿಕಾನ್ ಗ್ರೀಸ್ ಬಳಸಿ. ವ್ಯಾಸಲೀನ್, ಅಡುಗೆ ಎಣ್ಣೆ, ವಾಹನದ ಗ್ರೀಸ್ ಇವು ಯಾವುವೂ ಬೇಡ. ಪೆಟ್ರೋಲಿಯಂ ಪದಾರ್ಥದಿಂದ ರಬ್ಬರ್ ಉಬ್ಬುತ್ತದೆ, ಎಣ್ಣೆ ಪೊರೆಗೆ ಅಂಟಿದರೆ ಬಿಡುವುದಿಲ್ಲ. ಹೊಸ ಮೆಂಬ್ರೇನ್ ಹಾಕಿದ ಮೊದಲ ಒಂದು ಗಂಟೆಯ ನೀರನ್ನು ಚೆಲ್ಲಿ.

ಅವಧಿಯ ಅಂದಾಜು ಬೇಕೆನ್ನುವವರಿಗೆ: ನಮ್ಮ ಬೋರ್ ನೀರಿನಲ್ಲಿ ಹೊರಗಿನ ಕ್ಯಾಂಡಲ್ ಎರಡರಿಂದ ನಾಲ್ಕು ತಿಂಗಳು, ಒಳಗಿನ ಸೆಡಿಮೆಂಟ್ ಮತ್ತು ಕಾರ್ಬನ್ ಆರರಿಂದ ಹನ್ನೆರಡು ತಿಂಗಳು, ಮೆಂಬ್ರೇನ್ ಎರಡರಿಂದ ಮೂರು ವರ್ಷ. ಯುವಿ ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ನೀಲಿ ಬೆಳಕು ಕಂಡರೂ ರೋಗಾಣು ಕೊಲ್ಲುವ ಕಿರಣ ಕ್ಷೀಣಿಸಿರುತ್ತದೆ.

ಹಂತ 5: ಹೊರಹೋಗುವ ನೀರನ್ನು ಅತಿಯಾಗಿ ಕಡಿಮೆ ಮಾಡಬೇಡಿ

ಒಳ್ಳೆಯ ಉದ್ದೇಶದಿಂದ ಮಾಡುವ ತಪ್ಪು ಇದು. ನೀರು ಪೋಲಾಗದಿರಲೆಂದು ಎಫ್‌ಆರ್ ಕೊಳವೆಯನ್ನು ಇನ್ನಷ್ಟು ಕಿರಿದು ಮಾಡಿಸುತ್ತಾರೆ. ನಾಲ್ಕು ಲೀಟರಿನಲ್ಲಿ ಒಂದು ಲೀಟರ್ ಶುದ್ಧ ನೀರು ತೆಗೆದರೆ ಉಳಿದ ನೀರಿನ ಸಾಂದ್ರತೆ 1.33 ಪಟ್ಟಾಗುತ್ತದೆ, ಎರಡು ಲೀಟರ್ ತೆಗೆದರೆ ಎರಡು ಪಟ್ಟು, ಮೂರು ತೆಗೆದರೆ ನಾಲ್ಕು ಪಟ್ಟು. ಗಡಸುತನ 600 ಇರುವ ನೀರಿನಲ್ಲಿ ಅರ್ಧವನ್ನು ತೆಗೆಯಹೊರಟರೆ ಮೆಂಬ್ರೇನಿನ ತುದಿಯಲ್ಲಿರುವುದು 1200ರ ಗಡಸು ನೀರು. ಹಾಗಾಗಿ ಹೊರಹೋಗುವ ನೀರನ್ನು ಕಡಿಮೆ ಮಾಡುವ ಬದಲು ಒಂದು ಡ್ರಮ್ಮಿಗೆ ಹಿಡಿದು, ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಬಳಸಿ. ಗಿಡಗಳಿಗೆ ಹಾಕಬೇಡಿ. ನಮ್ಮ ಎರಿ ಮಣ್ಣು ನೀರನ್ನು ಬೇಗ ಬಸಿಯುವುದಿಲ್ಲ. ಉಪ್ಪು ಅಲ್ಲೇ ನಿಂತು ಕ್ರಮೇಣ ಸವಳಾಗುತ್ತದೆ.

ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಇನ್ನೊಂದು ಎಚ್ಚರಿಕೆ. ಮನೆಬಳಕೆಯ ಮೆಂಬ್ರೇನ್‌ಗಳು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿ ನೀರನ್ನು ತಾಳುವುದಿಲ್ಲ. ಬಿಸಿಲಿನಲ್ಲಿ ನಿಂತ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ಮೂರಕ್ಕೆ ಬರುವ ನೀರು ಕೈ ಸುಡುತ್ತಿದ್ದರೆ ಆಗ ಯಂತ್ರ ಓಡಿಸಬೇಡಿ; ಬೆಳಗಿನ ಜಾವ ತುಂಬಿಸಿಕೊಳ್ಳಿ.

ಹಂತ 6: ಊರಿಗೆ ಹೊರಡುವ ಮುನ್ನ

ಎಷ್ಟು ದಿನ ಎಂಬುದರ ಮೇಲೆ ಕ್ರಮ ಬೇರೆಯಾಗುತ್ತದೆ.

ಎರಡು ಮೂರು ದಿನವಾದರೆ ನಳ ಮುಚ್ಚಿ, ಪ್ಲಗ್ ತೆಗೆದು ಹೋಗಿ. ಬಂದ ಮೇಲೆ ಸಂಗ್ರಹದ ನೀರು ಚೆಲ್ಲಿ ಹೊಸದಾಗಿ ತುಂಬಿಸಿ. ನಳ ಮುಚ್ಚುವುದನ್ನು ಮಾತ್ರ ಒಂದೇ ದಿನದ ಪ್ರಯಾಣಕ್ಕೂ ತಪ್ಪಿಸಬೇಡಿ. ಇಲಿ ತೆಳು ಕೊಳವೆಯನ್ನು ಕಡಿದರೆ ಮಾಳಿಗೆಯ ಟ್ಯಾಂಕಿನ ನೀರೆಲ್ಲ ಮನೆಯೊಳಗೆ ಬರುತ್ತದೆ.

ಹದಿನೈದು ದಿನಗಳವರೆಗಾದರೆ, ಹೊರಡುವ ದಿನ ಯಂತ್ರದಲ್ಲಿ ಫ್ಲಶ್ ವಾಲ್ವ್ ಇದ್ದರೆ ಅದನ್ನು ತೆರೆದು ಹತ್ತು ನಿಮಿಷ ಓಡಿಸಿ. ಫ್ಲಶ್ ಎಂದರೆ ಎಫ್‌ಆರ್ ಅಡ್ಡಿಯಿಲ್ಲದೆ ನೀರು ಮೆಂಬ್ರೇನಿನ ಮೈಮೇಲೆ ಜೋರಾಗಿ ಹರಿದು ಸಾಂದ್ರ ಲವಣವನ್ನು ತೊಳೆದೊಯ್ಯುವುದು. ಸಂಗ್ರಹ ಟ್ಯಾಂಕನ್ನು ಬರಿದು ಮಾಡಿ, ಒರೆಸಿ, ಮುಚ್ಚಳ ಸ್ವಲ್ಪ ತೆರೆದು ಒಣಗಲು ಬಿಡಿ. ಮೆಂಬ್ರೇನನ್ನು ಅದರ ಕವಚದಲ್ಲೇ ನೀರಿನಲ್ಲಿ ಬಿಡಿ. ಒಮ್ಮೆ ನೆನೆದ ಮೆಂಬ್ರೇನ್ ಒಣಗಬಾರದು. ಒಣಗಿದರೆ ಹರಿವು ಮತ್ತೆ ಮೊದಲಿನಂತೆ ಬರುವುದೇ ಕಷ್ಟ.

ಮೂರು ವಾರ ಮೀರಿದರೆ ಪಕ್ಕದ ಮನೆಯವರಿಗೋ ಸಂಬಂಧಿಕರಿಗೋ ಚಾವಿ ಕೊಟ್ಟು, ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಯಂತ್ರ ಓಡಿಸಲು ಹೇಳುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಅದಾಗದಿದ್ದರೆ ಮೆಂಬ್ರೇನನ್ನು ಹೊರತೆಗೆದು ಶೇಖರಿಸಬೇಕು. ನಮ್ಮ ಬೇಸಿಗೆಯಲ್ಲಿ ಕೀಲಿ ಹಾಕಿದ ಮನೆಯೊಳಗೆ ಎರಡು ತಿಂಗಳು ನಿಂತ ಯಂತ್ರವನ್ನು ತೆರೆದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಕಾರ್ಬನ್ ಫಿಲ್ಟರಿನ ಬಾಯಿ ಲೋಳೆಲೋಳೆಯಾಗಿರುತ್ತದೆ. ಹಸಿ ಕಾರ್ಬನ್ ಮತ್ತು ಸೆಡಿಮೆಂಟ್ ಫಿಲ್ಟರ್‌ಗಳನ್ನು ಉಳಿಸುವ ಯೋಚನೆ ಬಿಡಿ. ತೆಗೆದು ಎಸೆದು, ಬೌಲ್‌ಗಳನ್ನು ತೊಳೆದು ಒಣಗಿಸಿ.

ಹಂತ 7: ಮೆಂಬ್ರೇನ್ ಶೇಖರಣೆ

ಮೊದಲು ಶೇಖರಿಸಲು ಯೋಗ್ಯವೇ ನೋಡಿ. ಎರಡು ವರ್ಷ ದಾಟಿದ, ತಡೆ ಶೇಕಡಾ 85ರ ಹತ್ತಿರ ಬಂದ ಮನೆಬಳಕೆಯ ಮೆಂಬ್ರೇನಿಗಾಗಿ ಇಷ್ಟು ಕಷ್ಟಪಡುವುದು ಬೇಡ. ಅದನ್ನು ಎಸೆದು, ಬಂದ ಮೇಲೆ ಹೊಸದು ಹಾಕಿಸಿ. ಈ ವರ್ಷವಷ್ಟೇ ಹಾಕಿಸಿದ್ದರೆ ಹೀಗೆ ಮಾಡಿ.

ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ಬಿಳಿ ಪುಡಿ ಬೇಕು, ಆಹಾರ ದರ್ಜೆಯದು. ಆಹಾರ ಕೆಡದಂತೆ ಬಳಸುವ ಇದು ಆಮ್ಲಜನಕವನ್ನು ಹೀರಿಕೊಂಡು ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುತ್ತದೆ. ಒಂದು ಲೀಟರ್ ಆರ್‌ಒ ನೀರಿಗೆ 10 ಗ್ರಾಂ ಪುಡಿ ಕರಗಿಸಿದರೆ ಶೇಕಡಾ 1ರ ದ್ರಾವಣವಾಗುತ್ತದೆ. ಬೋರ್ ನೀರನ್ನಾಗಲಿ ಕ್ಲೋರಿನ್ ಇರುವ ನೀರನ್ನಾಗಲಿ ಇದಕ್ಕೆ ಬಳಸಬೇಡಿ. ಕಿಟಕಿ ತೆರೆದು, ಅಂಗಳದಲ್ಲಾದರೆ ಇನ್ನೂ ಒಳ್ಳೆಯದು, ಕೈಗವಸು ಹಾಕಿಕೊಂಡು ಬೆರೆಸಿ. ಒಣದ್ರಾಕ್ಷಿ ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುವುದನ್ನು ಕಂಡವರಿಗೆ ಇದರ ಘಾಟು ತಕ್ಷಣ ಗುರುತು ಸಿಗುತ್ತದೆ, ಏಕೆಂದರೆ ಎರಡರಿಂದಲೂ ಏಳುವುದು ಒಂದೇ ಅನಿಲ. ಉಬ್ಬಸವಿರುವವರು ಈ ಕೆಲಸದಿಂದ ದೂರವಿರಬೇಕು. ಬ್ಲೀಚಿಂಗ್ ಪೌಡರ್ ಅಥವಾ ಯಾವುದೇ ಆಮ್ಲದ ಜೊತೆ ಇದನ್ನು ಎಂದೂ ಬೆರೆಸಬೇಡಿ.

ಮೆಂಬ್ರೇನನ್ನು ಕವಚದಿಂದ ತೆಗೆದು ಆರ್‌ಒ ನೀರಿನಲ್ಲಿ ತೊಳೆದು, ದ್ರಾವಣದಲ್ಲಿ ಒಂದು ಗಂಟೆ ಪೂರ್ತಿ ಮುಳುಗಿಸಿಡಿ. ನಂತರ ನೀರು ಇಳಿಯುವಂತೆ ನೆಟ್ಟಗೆ ಹಿಡಿದು, ಗಾಳಿಯಾಡದ ದಪ್ಪ ಚೀಲದೊಳಗೆ ಒಂದೆರಡು ಚಮಚ ದ್ರಾವಣದೊಂದಿಗೆ ಇಟ್ಟು, ಗಾಳಿಯನ್ನೆಲ್ಲ ಒತ್ತಿ ತೆಗೆದು ಬಿಗಿಯಾಗಿ ಮುಚ್ಚಿ. ಇನ್ನೊಂದು ಚೀಲದೊಳಗೆ ಅದನ್ನಿಟ್ಟು ದಿನಾಂಕ ಮತ್ತು ದ್ರಾವಣದ ಹೆಸರು ಬರೆಯಿರಿ. ಮಕ್ಕಳ ಕೈಗೆ ಸಿಗದ, ಕತ್ತಲೆಯ, 35 ಡಿಗ್ರಿ ಮೀರದ ಜಾಗ ಬೇಕು. ಏಪ್ರಿಲ್ ತಿಂಗಳಿನಲ್ಲಿ ನಮ್ಮ ಕೀಲಿ ಹಾಕಿದ ಮನೆಗಳಲ್ಲಿ ಅಂಥ ಜಾಗವಿರುವುದಿಲ್ಲ. ಸಂಬಂಧಿಕರ ಮನೆಯ ಫ್ರಿಜ್ಜಿನ ಕೆಳಗಿನ ಖಾನೆಯೇ ಸರಿ. ಮೇಲಿನ ಮಂಜಿನ ಖಾನೆ ಕೂಡದು. ಹೆಪ್ಪುಗಟ್ಟಿದರೆ ಪೊರೆ ಬಿರಿಯುತ್ತದೆ. ಮೂರು ತಿಂಗಳು ದಾಟಿದರೆ ತೆರೆದು ನೋಡಿ, ದ್ರಾವಣ ಕದಡಿದ್ದರೆ ಅಥವಾ ಪಿಎಚ್ ಕಾಗದ 3ಕ್ಕಿಂತ ಕೆಳಗೆ ತೋರಿಸಿದರೆ ಹೊಸ ದ್ರಾವಣದಲ್ಲಿ ಮತ್ತೆ ನೆನೆಸಿ ಮುಚ್ಚಿಡಿ.

ಊರಿನ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುವವರಿಗೂ ಇದೇ ಸೂತ್ರ ಅನ್ವಯಿಸುತ್ತದೆ, ಅಳತೆ ಮಾತ್ರ ದೊಡ್ಡದು. ರಿಪೇರಿಗೆಂದೋ ಬೋರ್ ಬತ್ತಿತೆಂದೋ ಘಟಕ ತಿಂಗಳುಗಟ್ಟಲೆ ನಿಲ್ಲುವಾಗ, ನಾಲ್ಕು ಇಂಚು ದಪ್ಪದ ದುಬಾರಿ ಮೆಂಬ್ರೇನ್‌ಗಳನ್ನು ಹೊರತೆಗೆಯದೆ, 100 ಲೀಟರ್ ಶುದ್ಧ ನೀರಿಗೆ 1 ಕಿಲೋ ಪುಡಿ ಕರಗಿಸಿ, ಒಳಗಿನ ಗಾಳಿಯೆಲ್ಲ ಹೊರಹೋಗುವಂತೆ ಘಟಕದಲ್ಲಿ ತುಂಬಿ ಎಲ್ಲ ವಾಲ್ವ್‌ಗಳನ್ನು ಮುಚ್ಚಿ. ಬಿಸಿಲಿನ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ದ್ರಾವಣ ಬದಲಿಸಿ.

ಹಂತ 8: ಮರಳಿ ಬಂದ ಮೇಲೆ

ಮೊದಲು ಮಾಳಿಗೆಯ ಟ್ಯಾಂಕಿನ ಹಳೆಯ ನೀರನ್ನು ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬಿಸಿ. ಹೊಸ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್ ಹಾಕಿ, ನಾಲ್ಕನೆಯ ಹಂತದಲ್ಲಿ ಹೇಳಿದಂತೆ ಕಪ್ಪು ನೀರು ಹರಿಸಿ. ನಂತರ ಮೆಂಬ್ರೇನನ್ನು ಆರ್‌ಒ ನೀರಿನಲ್ಲಿ ಅಥವಾ ಕ್ಯಾನ್ ನೀರಿನಲ್ಲಿ ಚೆನ್ನಾಗಿ ತೊಳೆದು ಕೂರಿಸಿ. ಸಂಗ್ರಹ ಟ್ಯಾಂಕಿಗೆ ಹೋಗುವ ಕೊಳವೆಯನ್ನು ಬಿಚ್ಚಿ ಬಕೀಟಿಗೆ ಬಿಟ್ಟು ಒಂದು ಗಂಟೆ ಓಡಿಸಿ, ಆ ನೀರೆಲ್ಲ ಚೆಲ್ಲಿ. ಮೆಟಾಬೈಸಲ್ಫೈಟಿನ ವಾಸನೆ ಸ್ವಲ್ಪವೂ ಉಳಿಯಬಾರದು. ಆಮೇಲೆ ಕೊಳವೆ ಜೋಡಿಸಿ, ಮೊದಲ ಟ್ಯಾಂಕನ್ನು ಕುಡಿಯಲು ಬಳಸದೆ ಚೆಲ್ಲಿ, ಎರಡನೆಯ ಟ್ಯಾಂಕು ತುಂಬುವಾಗ ಟಿಡಿಎಸ್ ಮತ್ತು ಒಂದು ನಿಮಿಷದ ಹರಿವನ್ನು ಅಳೆದು, ಹೊರಡುವ ಮುನ್ನ ಬರೆದಿಟ್ಟ ಸಂಖ್ಯೆಗಳ ಪಕ್ಕದಲ್ಲೇ ಬರೆಯಿರಿ. ತಡೆ ಎರಡು ಮೂರು ಅಂಶ ಇಳಿದಿದ್ದರೆ ಒಂದು ವಾರ ಬಳಸಿ ಮತ್ತೆ ನೋಡಿ. ಬಹಳ ಸಲ ಅದು ಸುಧಾರಿಸುತ್ತದೆ. ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಮೊದಲು ಸಣ್ಣ ರಬ್ಬರ್ ಉಂಗುರಗಳು ಸರಿಯಾಗಿ ಕೂತಿವೆಯೇ ಎಂದು ಬಿಚ್ಚಿ ನೋಡಿ, ಅವು ಸರಿಯಿದ್ದೂ ಟಿಡಿಎಸ್ ಇಳಿಯದಿದ್ದರೆ ಮಾತ್ರ ಹೊಸ ಮೆಂಬ್ರೇನಿಗೆ ಹಣ ಕೊಡಿ.